ಹಿತ್ತಲಿನ ಸೀತಾಫಲ

ಹಂಪಮ್ಮ,

ಇವತ್ತು ಕಾಲೇಜಿನ ಪಾಲಕರ ಸಭೆಯಲ್ಲಿ ನಮ್ಮ ಗಂಗೋತ್ರಿ ತಾನು ಬರೆದದ್ದನ್ನು ಎಲ್ಲರೆದುರು ಓದಿದಳು. ಬೆಟ್ಟದ ಕುರಿತ ಪದ್ಯವೊಂದನ್ನು ಕೊಟ್ಟು, ಅನಿಸಿದ್ದನ್ನು ಬರೆಯಿರಿ ಎಂದಿದ್ದರಂತೆ ಕನ್ನಡ ಮೇಡಂ.

“ಬೆಟ್ಟ ಅಗೆಯುವವರಿಗೆ ಕರುಳಿಲ್ಲ ಎನ್ನುತ್ತದೆ ಪದ್ಯ. ನಾನು ಒಪ್ಪುವುದಿಲ್ಲ. ಸಂಡೂರಿನ ಗಣಿಯಲ್ಲಿ ಜೆಸಿಬಿ ಓಡಿಸುವ ನಮ್ಮಪ್ಪ, ಸೀತಾಫಲದ ಗಿಡ ಕೆಡವುವ ಮೊದಲು ಕೆಳಗಿಳಿದು ಹಣ್ಣು ಕಿತ್ತು ಅವ್ವನಿಗೆ ತಂದಿದ್ದ. ತೀರಿಕೊಳ್ಳುವ ಮುಂಚೆ ಅವ್ವ ಅದರ ಬೀಜವನ್ನು ಹಿತ್ತಲಲ್ಲಿ ಊರಿದ್ದಳು.”

“ಖರೇನ ಏನವ್ವಾ?” ಎಂದರು ಮೇಡಂ.

“ಬಂದು ನೋಡ್ರಿ ಮೇಡಂ. ಈ ವರ್ಷ ಹಣ್ಣು ಬಿಟ್ಟೈತಿ.”

ಹಿಂದಿನ ಬೆಂಚಿನಲ್ಲಿದ್ದ ನಾನು ಎದ್ದು ನಿಂತು, “ಆಕಿ ನನ್ನ ಮಗಳ್ರಿ” ಎಂದೆ. ಯಾರ ಮಗಳೆಂದು ಯಾರೂ ಕೇಳಿರಲಿಲ್ಲ.

ನೀನು ಊರಿದ ಬೀಜದ ಮೊದಲ ಹಣ್ಣು ಕಣ್ಣು ಬಿಟ್ಟು ಕೀಳುವ ಹದಕ್ಕೆ ಬಂದಿದೆ, ಹಂಪಮ್ಮ. ನಾವಿಬ್ಬರೂ ಅದನ್ನು ಕಿತ್ತಿಲ್ಲ.