ಹತ್ತು ಅಡಿ ಎತ್ತರದ ಹೊಗೆ, ಮೂರು ಅಡಿಯ ಕೊಳವೆ

ಮಾನ್ಯ ವಾಹನ ಯೋಗ್ಯತಾ ಪರೀಕ್ಷಾಧಿಕಾರಿಗಳೇ,

ನನ್ನ ಲಾರಿ ಹೊಗೆ ಬಿಡುತ್ತಿದ್ದದ್ದು ನೆಲದಿಂದ ಹತ್ತು ಅಡಿ ಎತ್ತರದಲ್ಲಿ. ಆ ಹೊಗೆಯನ್ನು ಅಳೆಯುವ ನಿಮ್ಮ ಯಂತ್ರಕ್ಕಿರುವ ರಬ್ಬರ್ ಕೊಳವೆ ಮೂರು ಅಡಿ ಉದ್ದದ್ದು. ನಡುವಿನ ಏಳು ಅಡಿಯ ಕೊರತೆ ನಿಮ್ಮ ಕಚೇರಿಯದು. ‘ಅನುತ್ತೀರ್ಣ’ ಎಂಬ ಕೆಂಪು ಮುದ್ರೆ ಮಾತ್ರ ಬಿದ್ದದ್ದು ನನ್ನ ಲಾರಿಗೆ. ಇದು ಯಾವ ಸೀಮೆಯ ನ್ಯಾಯ ಎಂದು ನಾಲ್ಕು ಜನರೆದುರಿಗೇ ಕೇಳೋಣವೆಂದು ಈ ಪತ್ರ ಬರೆಯುತ್ತಿದ್ದೇನೆ.

ಮುಂದೆ ಓದುವ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಈ ಪ್ರಕರಣದಲ್ಲಿ ಅತಿ ದೊಡ್ಡ ಪೆದ್ದ ತಾವಲ್ಲ, ನಾನು. ತಾವು ಆ ಸ್ಥಾನಕ್ಕೆ ಒಳ್ಳೆಯ ಪೈಪೋಟಿ ಕೊಟ್ಟಿದ್ದೀರಿ ನಿಜ, ಆದರೆ ನನ್ನ ಸೇವಾನುಭವ ಹೆಚ್ಚಿನದು.

ನಾನು ಔಷಧಿ ಸಾಗಿಸುವ ತಂಪುಪೆಟ್ಟಿಗೆ ಲಾರಿಯೊಂದರ ಮಾಲೀಕ, ಚಾಲಕ ಎರಡೂ. ಎಂಜಿನ್ ನಿಂತರೆ ತಂಪು ನಿಲ್ಲುತ್ತದೆ, ತಂಪು ನಿಂತರೆ ಔಷಧಿ ಕೆಡುತ್ತದೆ. ಹಾಗಾಗಿ ಪೆಟ್ಟಿಗೆ ತುಂಬಿಸುವ ಮುಕ್ಕಾಲು ಗಂಟೆಯೂ ಎಂಜಿನ್ ಓಡುತ್ತಲೇ ಇರಬೇಕು. ಉಗ್ರಾಣದ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಪ್ರತಿ ಪೆಟ್ಟಿಗೆಯ ಚೀಟಿ ನೋಡಿ ಗುರುತು ಹಾಕುವವಳು ನನ್ನ ಒಡಹುಟ್ಟಿದ ಅಕ್ಕ. ಎರಡು ಗೋಡೆಗಳ ನಡುವಿನ ಇಕ್ಕಟ್ಟಾದ ಜಾಗ ಅದು. ಸ್ಟೂಲನ್ನು ಆಚೆ ಸರಿಸಿದರೆ ಪೆಟ್ಟಿಗೆಗಳಿಗೆ ದಾರಿಯಿಲ್ಲ, ಈಚೆ ಸರಿಸಿದರೆ ಅಕ್ಕ ಲಾರಿಯ ಚಕ್ರದಡಿ. ಲಾರಿ ತಯಾರಿಸಿದವರು ಕೂರಿಸಿದ್ದ ಹೊಗೆ ಕೊಳವೆ ಎಡಮಗ್ಗುಲಲ್ಲಿ, ಸರಿಯಾಗಿ ಅವಳ ಮುಖದತ್ತ ಬಾಯಿ ತೆರೆದಿತ್ತು.

ನಾನು ಲಾರಿಯನ್ನು ಹಿಂದಕ್ಕೆ ತರುವಾಗೆಲ್ಲ ಅಕ್ಕ ಕರವಸ್ತ್ರದಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನ್ನ ರಿವರ್ಸ್ ನೋಡಿ ನಗು ತಡೆಯಲಾರದೆ ಹಾಗೆ ಮಾಡುತ್ತಾಳೆಂದು ಹನ್ನೊಂದು ವರ್ಷ ನಂಬಿದ್ದೆ. ಚಿಕ್ಕಂದಿನಲ್ಲಿ ನನಗೆ ಸೈಕಲ್ ಕಲಿಸಿದವಳು ಅವಳೇ ಆದ್ದರಿಂದ, ನನ್ನ ಚಾಲನೆಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಒಂದು ದಿನ ಅವಳು ರಿಜಿಸ್ಟರ್ ತರಲು ಒಳಗೆ ಹೋದಾಗ, ಕಾಲು ನೋಯುತ್ತಿದೆಯೆಂದು ನಾನು ಆ ಸ್ಟೂಲಿನ ಮೇಲೆ ಕೂತೆ. ಎರಡೇ ನಿಮಿಷಕ್ಕೆ ಕೆಮ್ಮು ಒತ್ತರಿಸಿ ಬಂದು ಕಣ್ಣಲ್ಲಿ ನೀರು ಇಳಿಯಿತು.

“ಅಲ್ಲಕ್ಕಾ, ಇಷ್ಟು ವರ್ಷ ನೀನು ನಗ್ತಾ ಇರ್ಲಿಲ್ವಾ?” ಎಂದೆ.

“ನಿನ್ನ ರಿವರ್ಸ್ ನೋಡಿ ನಗೋಕೂ ಉಸಿರು ಬೇಕಲ್ಲಪ್ಪಾ,” ಎಂದಳು.

ಅವಳ ಎದೆಗೆ ವೈದ್ಯರು ಬರೆದುಕೊಟ್ಟ ಔಷಧಿಯೂ ನನ್ನ ಲಾರಿಯಲ್ಲೇ ಬರುತ್ತದೆಂದು ಆಮೇಲೆ ತಿಳಿಯಿತು. ಹೊಗೆಯನ್ನು ಕ್ಯಾಬಿನ್ನಿನ ಹಿಂಬದಿಯಿಂದ ಮೇಲಕ್ಕೆ ಒಯ್ದು, ಅಕ್ಕನ ತಲೆಯಿಂದಾಚೆ ಬಿಡುವ ಹೊಸ ಕೊಳವೆ ಮಾಡಿಸುವುದೆಂದು ಅಂದೇ ತೀರ್ಮಾನಿಸಿದೆ.

ಇಲ್ಲಿಂದ ನನ್ನ ಪಾಂಡಿತ್ಯದ ಅಧ್ಯಾಯ ಶುರು. ಮನೆಯ ಹಾಲಿನಲ್ಲಿ ಊಟದ ಕುರ್ಚಿಗಳನ್ನೆಲ್ಲ ಸಾಲಾಗಿ ಮಲಗಿಸಿದೆ, ಅದು ಚಾಸಿ, ಅಂದರೆ ಲಾರಿಯ ಅಡಿಗಟ್ಟು. ಮುಂದೆ ಸೋಫಾ, ಅದು ಕ್ಯಾಬಿನ್. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗಳನ್ನು ಕತ್ತರಿಸಿ, ಅಂಟಿಸಿ, ಕುರ್ಚಿಗಳ ಪಕ್ಕದಿಂದ ಮೆಲ್ಲಗೆ ತಿರುಗಿಸಿ, ಸೋಫಾದ ಬೆನ್ನಿಗೆ ಎರಡು ಕಡೆ ಬಿಗಿದು ಕಟ್ಟಿ, ಸೂರಿನತನಕ ನಿಲ್ಲಿಸಿದೆ. ಎರಡು ವಾರ ಮನೆಮಂದಿಯೆಲ್ಲ ನಿಂತೇ ಊಟ ಮಾಡಿದರು. ನಾನು ದಿನಕ್ಕೆ ಹತ್ತು ಸಲ ಅಳತೆ ಹಿಡಿದು, ನಕ್ಷೆ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

“ಇದನ್ನ ಸೋಫಾಕ್ಕೆ ಯಾಕೆ ಕಟ್ಟಿದ್ದೀರಿ?” ಎಂದು ಹೆಂಡತಿ ಕೇಳಿದಳು.

“ಅಲ್ಲಾಡಬಾರದಲ್ಲ, ಅದಕ್ಕೆ.”

“ಸೋಫಾ ಅಲ್ಲಾಡಲ್ಲ, ಸರಿ. ಲಾರಿ?”

“ನಿಂಗೆ ಇದೆಲ್ಲ ಗೊತ್ತಾಗಲ್ಲ, ಬಿಡು,” ಎಂದೆ. ಈ ಮಾತನ್ನು ಅವಳು ಈಗ ಮನೆಗೆ ಬಂದ ನೆಂಟರಿಗೆಲ್ಲ ನನ್ನದೇ ಧ್ವನಿಯಲ್ಲಿ ಒಪ್ಪಿಸುತ್ತಾಳೆ.

ವೆಲ್ಡಿಂಗ್ ಅಂಗಡಿಯ ಯಜಮಾನನನ್ನು ಎಲ್ಲರೂ ಕಿಡಿಯಣ್ಣ ಎನ್ನುತ್ತಾರೆ. ಕೊಳವೆ ಎಲ್ಲೂ ಗಕ್ಕನೆ ತಿರುಗಬಾರದು, ತಿರುಗಿದರೆ ಎಂಜಿನ್‌ಗೆ ಉಸಿರು ಕಟ್ಟುತ್ತದೆ. ಎಂಜಿನ್ ನಡುಗುವುದರಿಂದ ಅದರ ಪಕ್ಕದಲ್ಲೊಂದು ಬಳುಕುವ ತುಂಡು ಇರಬೇಕು. ತುದಿಗೆ ಮಳೆ ತಡೆಯಲು ಮುಚ್ಚಳ ಬೇಕು ಎಂದೆಲ್ಲ ಹೇಳಿಕೊಟ್ಟವನು ಅವನೇ. ಕೊನೆಗೆ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಈ ಎರಡು ಪಟ್ಟಿ ಕ್ಯಾಬಿನ್‌ಗೇ ಬಿಗೀಬೇಕಾ?” ಎಂದ. “ನಕ್ಷೇಲಿರೋ ಹಾಗೇ ಮಾಡಿ, ಒಂದು ಕೂದಲೆಳೆ ಆಚೀಚೆ ಆಗಬಾರದು,” ಎಂದೆ. “ನಿಮ್ಮಿಷ್ಟ,” ಎಂದು ಮುಖಕವಚ ಇಳಿಸಿಕೊಂಡ. ಕಸುಬುದಾರ ‘ನಿಮ್ಮಿಷ್ಟ’ ಎಂದನೆಂದರೆ ಅಲ್ಲಿಗೆ ನಮ್ಮ ಕಥೆ ಮುಗಿಯಿತೆಂದು ನನಗೆ ಆಗ ತಿಳಿದಿರಲಿಲ್ಲ.

ಮೊದಲ ಪರೀಕ್ಷೆಯ ದಿನ ತಮ್ಮ ಅಂಗಳಕ್ಕೆ ಕಾಲರ್ ಎತ್ತಿಕೊಂಡೇ ಬಂದೆ. ಎಂಜಿನ್ ಮೇಲಿನ ಸಂಖ್ಯೆ ನೋಡಬೇಕು, ಕ್ಯಾಬಿನ್ ಎತ್ತಿ ಎಂದರು ತಮ್ಮ ಸಿಬ್ಬಂದಿ. ಈ ಲಾರಿಗಳ ಕ್ಯಾಬಿನ್ ಮುಂದಕ್ಕೆ ಬಾಗಿದರೆ ಮಾತ್ರ ಎಂಜಿನ್ ಕಾಣುವುದು. ನಾನು ಎತ್ತಿದೆ. ಅದು ಕಿರ್ರೆಂದಿತು, ಅಷ್ಟೇ. ಸರದಿಯಲ್ಲಿದ್ದ ಚಾಲಕರೆಲ್ಲ ಇಳಿದು ಬಂದು ಕೈಹಾಕಿದರೂ ಜಪ್ಪಯ್ಯ ಎನ್ನಲಿಲ್ಲ. ಮೇಲೇಳಬೇಕಾದ ಕ್ಯಾಬಿನ್ನನ್ನು ಚಾಸಿಯಿಂದೆದ್ದ ಅಲ್ಲಾಡದ ಕೊಳವೆಗೆ ಉಕ್ಕಿನ ಪಟ್ಟಿ ಹಾಕಿ ಬಿಗಿದಿದ್ದವನು ನಾನೇ. ಸೋಫಾ ಎಂದಾದರೂ ಮುಂದಕ್ಕೆ ಬಾಗುತ್ತದೆಯೇ? ಆ ದಿನದ ಕೆಂಪು ಮುದ್ರೆಯ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಲಾರಿಗೆ ಒತ್ತುವ ಬದಲು ನನ್ನ ಹಣೆಗೇ ಒತ್ತಿದ್ದರೂ ಸುಮ್ಮನಿರುತ್ತಿದ್ದೆ.

ತಕರಾರಿರುವುದು ಎರಡನೆಯ ಮುದ್ರೆಯ ಬಗ್ಗೆ. ಪಟ್ಟಿಗಳನ್ನು ಕಿತ್ತು, ಕೊಳವೆಗೆ ಚಾಸಿಯ ಮೇಲೆಯೇ ಬೇರೆ ಆಸರೆ ಕೊಡಿಸಿ ಬಂದೆ. ಕ್ಯಾಬಿನ್ ಹೂವಿನಂತೆ ಎದ್ದಿತು. ಆಗ ತಮ್ಮ ಸಿಬ್ಬಂದಿ ಹೊಗೆಯಂತ್ರದ ಕೊಳವೆ ಹಿಡಿದು ಆಕಾಶ ನೋಡಿದರು.

“ಇದು ಮೇಲಿದೆಯಲ್ರೀ.”

“ಏಣಿ ತಂದಿದ್ದೀನಿ ಸರ್.”

“ಏಣಿ ಹತ್ತೋದು ನಮ್ಮ ಕೆಲಸದ ಪಟ್ಟೀಲಿಲ್ಲ.”

“ನಾನೇ ಹತ್ತಿ ಹಿಡ್ಕೋತೀನಿ.”

“ವಾಹನದವರು ಯಂತ್ರ ಮುಟ್ಟೋ ಹಾಗಿಲ್ಲ.”

ಗಲಾಟೆ ಕೇಳಿ ತಾವೇ ಹೊರಗೆ ಬಂದಿರಿ. “ಹೊಗೆ ಅಳೆಯೋಕಾಗ್ಲಿಲ್ಲ ಅಂದ್ರೆ ಜಾಸ್ತಿ ಅಂತಲೇ ಲೆಕ್ಕ. ಹಳೇ ಪೈಪ್ ಹಾಕ್ಕೊಂಡು ಬನ್ನಿ, ಪಾಸ್ ಮಾಡ್ತೀನಿ,” ಎಂದಿರಿ. ಎಂಥ ಅದ್ಭುತವಾದ ತರ್ಕ ಸ್ವಾಮಿ! ದರ್ಜಿಯ ಟೇಪು ಗಿಡ್ಡವಾದರೆ ಅಂಗಿ ಹೊಲಿಸಲು ಬಂದವನ ಕೈ ಕತ್ತರಿಸಬೇಕೇ? ಎಂಜಿನ್ ಅದೇ, ಹೊಗೆ ಅದೇ. ಹೊಗೆ ಎಷ್ಟಿರಬೇಕೆಂದು ತಮ್ಮ ನಿಯಮದ ಪುಸ್ತಕ ಹೇಳುತ್ತದೆ. ಅದು ಯಾರ ಮೂಗಿಗೆ ಹೋಗಬೇಕೆಂದು ಹೇಳುವ ಪುಟ ಎಲ್ಲಿದೆ? ಸೋಫಾವನ್ನು ಕ್ಯಾಬಿನ್ ಎಂದು ನಂಬಿದ್ದು ನನ್ನ ದಡ್ಡತನ. ಯಂತ್ರಕ್ಕೆ ಎಟುಕಿದ್ದು ಮಾತ್ರ ಹೊಗೆ ಎಂದು ನಂಬುವುದಕ್ಕೆ ಏನು ಹೆಸರಿಡೋಣ?

ಹೊಸ ಕೊಳವೆ ಲಾರಿಯ ಮೇಲಿದ್ದದ್ದು ಹತ್ತೊಂಬತ್ತು ದಿನ. ಮೊದಲ ದಿನ ಉಗ್ರಾಣದ ಬಾಗಿಲಿಗೆ ಹಿಂದಕ್ಕೆ ಬರುವಾಗ ಕಸದ ಡಬ್ಬಿಗೆ ಗುದ್ದಿದೆ. ಅಕ್ಕ ನಕ್ಕಳು. ಕರವಸ್ತ್ರ ಮಡಿಲಲ್ಲೇ ಇತ್ತು. ಹೊಟ್ಟೆ ಹಿಡಿದುಕೊಂಡು, ಚೀಟಿಗಳನ್ನೆಲ್ಲ ಚೆಲ್ಲಿ, ಹನ್ನೊಂದು ವರ್ಷದ್ದನ್ನು ಒಟ್ಟಿಗೆ ನಕ್ಕಳು. ನನ್ನ ರಿವರ್ಸ್ ನಿಜವಾಗಿಯೂ ಅಷ್ಟು ಕೆಟ್ಟದಾಗಿದೆಯೆಂದು ತಿಳಿದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಹಳೆಯ ಪ್ರಮಾಣಪತ್ರದ ಅವಧಿ ಮುಗಿಯುತ್ತ ಬಂತು, ಹೊಸದಿಲ್ಲದೆ ಲಾರಿ ರಸ್ತೆಗಿಳಿಯುವಂತಿಲ್ಲ. ಹಾಗಾಗಿ ಹಳೆಯ ಕೊಳವೆ ಹಾಕಿಸಿ ಮೂರನೆಯ ಸಲ ಬಂದೆ. ಯಂತ್ರದ ಕೊಳವೆ ಸಲೀಸಾಗಿ ಎಟುಕಿತು, ಹೊಗೆ ಮಿತಿಯೊಳಗಿತ್ತು, ಹಸಿರು ಮುದ್ರೆ ಬಿತ್ತು. ಮರುದಿನ ಬೆಳಿಗ್ಗೆ ಉಗ್ರಾಣಕ್ಕೆ ಹೋದೆ. ಅಕ್ಕ ಕರವಸ್ತ್ರ ತೆಗೆದು ಬಾಯಿಗೆ ಹಿಡಿದಳು. ನಾನು ಕಸದ ಡಬ್ಬಿಗೆ ಗುದ್ದಿದೆ, ಈ ಸಲ ಬೇಕೆಂದೇ. ಅವಳು ನಗಲಿಲ್ಲ. ಪರವಾಗಿಲ್ಲ ಬಾ ಎಂದು ಇನ್ನೊಂದು ಕೈ ಬೀಸಿದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಮ್ಮ ಯಂತ್ರಕ್ಕೆ ಹತ್ತು ಅಡಿಯ ಕೊಳವೆ ತರಿಸಿ, ಇಲ್ಲವೇ ತಮ್ಮ ಕೆಲಸದ ಪಟ್ಟಿಗೆ ಏಣಿಯನ್ನು ಸೇರಿಸಿ, ನನ್ನ ಲಾರಿಯನ್ನು ಹೊಸ ಕೊಳವೆಯ ಸಮೇತ ಮತ್ತೆ ಪರೀಕ್ಷಿಸಬೇಕು. ಅಲ್ಲಿಯತನಕ ಬಿಡುವಾದ ಒಂದು ಬೆಳಿಗ್ಗೆ ಉಗ್ರಾಣದ ಬಾಗಿಲಿಗೆ ಬಂದು, ಪೆಟ್ಟಿಗೆ ತುಂಬುವ ಮುಕ್ಕಾಲು ಗಂಟೆ ಆ ಸ್ಟೂಲಿನ ಮೇಲೆ ಕೂರಬೇಕು. ಯಂತ್ರ ತರುವುದು ಬೇಡ. ಸ್ಟೂಲು ಬಿಟ್ಟುಕೊಡಲು ಅಕ್ಕ ಒಪ್ಪಿದ್ದಾಳೆ, ಕರವಸ್ತ್ರವನ್ನೂ ಒಗೆದು ಇಟ್ಟಿರುತ್ತಾಳಂತೆ.

ಇಂತಿ,
ತಮ್ಮ ಕಡತದಲ್ಲಿ ಪಾಸಾಗಿ ಅಕ್ಕನೆದುರು ನಪಾಸಾದ,
ಸೋಫಾಕ್ಕೆ ಹೊಗೆ ಕೊಳವೆ ಕಟ್ಟಿದ ಲಾರಿಯವನು