ಮೂರನೇ ಸಾಲಿನ ಶಿಳ್ಳೆ

ಚಿಲೆಶೆ,

ನಿನ್ನನ್ನು ಪಾಸ್ಟರ್ ಎಂದು ಕರೆಯಲಾರೆ. ಈ ಪತ್ರ ಕಳಿಸುವುದೂ ಇಲ್ಲ. ಕಳಿಸಿದರೆ ಭಾನುವಾರದ ಪ್ರಸಂಗಕ್ಕೆ ಬಳಸಿಕೊಳ್ಳುತ್ತೀಯ.

ಇವತ್ತು ತಂಗಿ ನ್ಸಾಮಳ ಕಾಟ ತಾಳಲಾರದೆ ನಿನ್ನ ಚರ್ಚಿಗೆ ಬಂದಿದ್ದೆ. ಇಡೀ ಕಿಟ್ವೆ ಊರಲ್ಲಿ ಚರ್ಚು ಮಾಡಲು ನಿನಗೆ ನಮ್ಮ ಹಳೆಯ ಸಿನಿಮಾ ಹಾಲೇ ಬೇಕಿತ್ತೇ? ಹುಡುಗರಾಗಿದ್ದಾಗ ಮಧ್ಯಾಹ್ನ ಅಲ್ಲಿ ಇಬ್ಬರೂ ಕೌಬಾಯ್ ಸಿನಿಮಾ ನೋಡುತ್ತಿದ್ದೆವು. ಸಂಜೆ ಅದೇ ಪರದೆಯ ಮುಂದೆ ನೀನು ಗಿಟಾರ್ ಹಿಡಿದು ನಿಂತರೆ, ಮೂರನೇ ಸಾಲಿನಲ್ಲಿ ನಾನು. ಆಮೇಲೆ ನಿನಗೆ ದೇವರು ಸಿಕ್ಕಿದ. ರಾಕ್ ಸಂಗೀತ ಸೈತಾನನದು ಎಂದೆ. ನನ್ನ ರೆಕಾರ್ಡುಗಳಿಗೆ ಸೀಮೆಎಣ್ಣೆ ಸುರಿದವನೂ ನೀನೇ.

ಇವತ್ತು ನೀನು ಮತ್ತೆ ಗಿಟಾರ್ ಎತ್ತಿಕೊಂಡೆ. ಯೇಸುವಿನ ಹೆಸರು ಸೇರಿಸಿದ್ದೀಯ, ಅಷ್ಟೇ. ಹಾಡು ಅದೇ, ನಿನ್ನ ಹಳೆಯ ರಾಕ್ ಹಾಡು.

"ಅಣ್ಣಾ, ಈ ಹಾಡನ್ನ ದೇವರೇ ಪಾಸ್ಟರ್ ಕನಸಲ್ಲಿ ಬಂದು ಕೊಟ್ಟಿದ್ದಂತೆ" ಅಂದಳು ನ್ಸಾಮ.

"ಸುಮ್ನಿರೇ. ಆ ದೇವರು ಆಗ ಬೆಲ್‌ಬಾಟಂ ಹಾಕ್ಕೊಂಡು ನನ್ನ ಹತ್ರ ಸಿಗರೇಟು ಕೇಳ್ತಿದ್ದ."

ಕೊನೆಯ ಏರು ಸ್ವರದಲ್ಲಿ ನಿನ್ನ ಬೆರಳು ಯಾವಾಗಲೂ ಜಾರುತ್ತಿತ್ತು. ಯಾರಿಗೂ ಕೇಳಿಸದಿರಲೆಂದು ಸರಿಯಾಗಿ ಆ ಹೊತ್ತಿಗೆ ನಾನು ಶಿಳ್ಳೆ ಹೊಡೆಯುತ್ತಿದ್ದೆ. ಜನ ಅದನ್ನೂ ಹಾಡಿನ ಭಾಗವೆಂದೇ ತಿಳಿದಿದ್ದರು.

ಇವತ್ತು ಆ ಸ್ವರ ಬರುವ ಮೊದಲೇ ನೀನು ತಲೆ ಎತ್ತಿ ಮೂರನೇ ಸಾಲಿನ ಕಡೆ ನೋಡಿದೆ. ಅಲ್ಲಿ ಯಾರೋ ಹೆಂಗಸು ಮಗುವನ್ನು ತಟ್ಟುತ್ತಿದ್ದಳು. ನಾನು ಹಿಂದೆ, ಬಾಗಿಲ ಹತ್ತಿರ ಕೂತಿದ್ದೆ. ಎರಡು ಬೆರಳು ಆಗಲೇ ಬಾಯಿಗೆ ಬಂದಿದ್ದವು.

ಹೊಡೆಯಲಿಲ್ಲ ಕಣೋ. ನಿನ್ನ ಬೆರಳು ಜಾರಿದ್ದು ಇಡೀ ಹಾಲಿಗೆ ಕೇಳಿಸಲಿ ಅಂತ ಬಿಟ್ಟೆ.