ದಿಬ್ಬದ ಬೀದಿಯ ನೀರು

ಮಾರ್ಚ್ ೯, ಭಾನುವಾರ

ಅಳಿಯ ಓದಲು ಕೊಟ್ಟಿದ್ದ ಪುಸ್ತಕ ಇನ್ನೂ ಮೈ ಉರಿಸುತ್ತಿದೆ. ಹೊಸಬರಿಗೆ ಲಿಬರ್ಟೇರಿಯನ್ ತತ್ವ ಕಲಿಸುತ್ತದಂತೆ. ನನ್ನ ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದ್ದರೂ ಸಾರ ತಿಳಿಯಿತು: ನನ್ನ ಮೈ ನನ್ನದು, ನನ್ನ ಆಸ್ತಿ ನನ್ನದು, ಯಾರೂ ಯಾರನ್ನೂ ಬಲವಂತ ಮಾಡಬಾರದು. ಬಲವಂತ, ಅವರ ಮಾತಿನಲ್ಲಿ 'ಕೊಯರ್ಷನ್', ಮಹಾಪಾಪ.

ಊಟಕ್ಕೆ ಕೂತಾಗ, "ಹೇಗಿತ್ತು ಮಾವ?" ಎಂದ.

"ನೀವು ಹುಟ್ಟಿದ ಬೀದಿ ದಿಬ್ಬದ ಮೇಲಿದೆ. ಊರಿಗೆ ನೀರು ಬಿಡುವ ಕೆಲಸದಲ್ಲಿ ಮೂವತ್ತು ವರ್ಷ ನಾನು ದಿನಾ ಒಂದು ಗಂಟೆ ತಗ್ಗಿನ ಬೀದಿಯ ವಾಲ್ವ್ ಮುಚ್ಚಿದ್ದಕ್ಕೇ ನಿಮ್ಮ ನಲ್ಲಿಗೆ ನೀರು ಏರಿದ್ದು. ಬಲವಂತದ ನೀರು ಕುಡಿದೇ ಬೆಳೆದಿದ್ದೀರಿ!"

"ಕೇಳಿದ್ರೆ ತಗ್ಗಿನ ಬೀದಿಯವರೇ ಒಪ್ತಿದ್ರು, ಮಾವ."

"ಒಪ್ತಿದ್ರು! ನಿಮ್ಮಂಥ ಕೃತಘ್ನರಿಗೆ ಮಾತು ಬೇರೆ ಕೇಡು."

ತಟ್ಟೆ ಬಿಟ್ಟು ಎದ್ದುಹೋದ. ಮುಂದಿನ ಭಾನುವಾರ ಬರುವುದಿಲ್ಲವೆಂದು ಮಗಳೂ ಹೇಳಿಹೋದಳು.

ತೀರಿಕೊಂಡ ನನ್ನವಳು ತಗ್ಗಿನ ಬೀದಿಯವಳು. ಮದುವೆಗೆ ಮುಂಚೆ ಖಾಲಿ ಕೊಡ ಹಿಡಿದು ವಾಲ್ವಿನ ಹತ್ತಿರವೇ ಬಂದು ಬೈದಿದ್ದಳು. ದಿಬ್ಬ ಹತ್ತಿಸಿ ಅಲ್ಲಿನ ಒಣ ನಲ್ಲಿ ತೋರಿಸಿದೆ. "ಮುಚ್ಚಿ, ಬೇಡ ಅನ್ನಲ್ಲ. ಆದರೆ ಹೇಳಿ ಮುಚ್ಚಿ" ಎಂದಳು. ಅಂದಿನಿಂದ ವಾಲ್ವ್ ಮುಚ್ಚುವ ಮೊದಲು ಸೀಟಿ ಊದುತ್ತಿದ್ದೆ.

ಇವತ್ತು ಅಳಿಯನ ಮೇಲೆ ಸೀಟಿ ಊದದೆ ಎರಗಿದೆ. ನಾಳೆ ಫೋನ್ ಮಾಡಿ ತಪ್ಪಾಯಿತು ಎನ್ನಬೇಕು. ಬೈದದ್ದಕ್ಕೆ ಮಾತ್ರ. ಪುಸ್ತಕದ ವಿಷಯಕ್ಕಲ್ಲ, ಅದಂತೂ ಶುದ್ಧ ತಲೆಹರಟೆ.